ನಮ್ಮಾಕಿಯ ಮಣಿಕಟ್ಟೂ ಭರ್ರೆನ್ನುವ ಚೆಂಡೂ

ಬೈಲಹೊಂಗಲದ ನಮ್ಮ ಓಣಿಯ ಗಂಡಸರಲ್ಲಿ ಮುಕ್ಕಾಲು ಪಾಲು ಜನರನ್ನು ನನ್ನ ಹೆಂಡತಿ ಬತ್ತಲೆಯಾಗಿ ನೋಡಿದ್ದಾಳೆ. ಇದನ್ನು ನಾನೇ ಬರೆಯುತ್ತಿದ್ದೇನೆ, ನನಗೇನೂ ಸಿಟ್ಟಿಲ್ಲ! ಬ್ಯಾಂಕಿನ ಮ್ಯಾನೇಜರು, ಹತ್ತಿಯ ದಲಾಲ, ಎಲುಬಿನ ಡಾಕ್ಟರು, ಹೋದ ಸಲ ಚುನಾವಣೆಗೆ ನಿಂತು ಬಿದ್ದವನು, ಎಲ್ಲರನ್ನೂ. ಬರೀ ನೋಡಿದ್ದಲ್ಲ, ಎಣ್ಣೆ ಹಚ್ಚಿ ತಿಕ್ಕಿ, ಬೋರಲು ಹಾಕಿ ಬೆನ್ನ ಮೇಲೆ ಬಿಸಿನೀರು ಸುರಿದಿದ್ದಾಳೆ. ಆಗ ಅವರಲ್ಲಿ ಯಾರೂ ಮೊಳದುದ್ದಕ್ಕಿಂತ ಹೆಚ್ಚಿರಲಿಲ್ಲ ಅನ್ನುವುದು ಬೇರೆ ಮಾತು.

ಹುಟ್ಟಿದ ಕೂಸಿಗೆ ಸ್ನಾನ ಮಾಡಿಸುವುದಕ್ಕೆ ನಮ್ಮ ಕಡೆ ಎರೆಯುವುದು ಅನ್ನುತ್ತಾರೆ. ಅದು ಎಲ್ಲರ ಕೈಗೂ ಬಗ್ಗುವ ಕೆಲಸವಲ್ಲ. ಬಚ್ಚಲಲ್ಲಿ ಸಣ್ಣ ಮಣೆಯ ಮೇಲೆ ಕುಳಿತು, ಎರಡೂ ಕಾಲು ಮುಂದೆ ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳಬೇಕು. ಎಣ್ಣೆ ಹಚ್ಚಿದ ಕೂಸು ಹೊಳೆಯ ಮೀನಿನ ಹಾಗೆ. ಅದನ್ನು ಅಂಗಾತದಿಂದ ಬೋರಲಿಗೆ ಮಗುಚುವಾಗ ಕುತ್ತಿಗೆಯ ಕೆಳಗಿರುವ ಬಲಗೈ ಒಂದು ಕೂದಲೆಳೆ ಸಡಿಲಾದರೂ ಮುಗಿಯಿತು. ನಮ್ಮಾಕಿಯ ಕೈಯಲ್ಲಿ ಒಂದು ಕೂಸೂ ಜಾರಿದ್ದಿಲ್ಲ. ಆ ಜಂಬವನ್ನು ಆಕೆ ಎಂದೂ ಮುಚ್ಚಿಟ್ಟವಳೂ ಅಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರು ದನಿ ಏರಿಸಿದರೆ, ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ, "ಸುಮ್ನಿರೋ ತಮ್ಮಾ! ನೀ ಎಷ್ಟ ಅಳತಿದ್ದಿ ನನಗ ಗೊತ್ತೈತಿ. ನಿನಗ ಎರಿಯಾಕ ಕುಂತ್ರ ಎದರ ಮನಿ ನಾಯಿ ಊರ ಬಿಟ್ಟ ಓಡತಿತ್ತ" ಎಂದುಬಿಡುವಳು. ಪಾಪ, ಆತ ತಲೆ ಬಗ್ಗಿಸಿ ಸಿಕ್ಕೆ ಒತ್ತತೊಡಗುವನು.

ನಾನು ಹಿಟ್ಟಿನ ಗಿರಣಿ ನಡೆಸಿದವನು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟೆ. ಬರೆಯುವುದು ನನ್ನ ಕೆಲಸವಲ್ಲ. ಆದರೆ ಮೊಮ್ಮಗಳು ಬಂದಿದ್ದಾಳೆ ನೋಡಿ, ಮೊಮ್ಮಗಳು! ಹೊಟ್ಟೆಯಲ್ಲಿ ಹಿಡಿಸಲಾರದಷ್ಟು ತುಂಬಿಕೊಂಡಾಗ ಎಲ್ಲಿಯಾದರೂ ಸುರಿಯಲೇಬೇಕಲ್ಲ? ಆಕೆಯ ಮೂಗಿನ ಬಗ್ಗೆ ಶುರು ಮಾಡಿದರೆ ಈ ಕಾಗದ ಸಾಲುವುದಿಲ್ಲ, ನೀವೂ ಎದ್ದು ಹೋಗುತ್ತೀರಿ. ಆದ್ದರಿಂದ ಅಜ್ಜಿಯ ಸುದ್ದಿ ಮಾತ್ರ ಹೇಳುತ್ತೇನೆ. ಅದರಲ್ಲೂ ಅಜ್ಜಿಯ ಬಲಗೈಯ ಸುದ್ದಿ.

ಆ ಕೈಯ ಸುದ್ದಿಯಲ್ಲಿ ನಗುವ ಮಾತಿಗಿಂತ ಬೇರೆಯದೇ ಹೆಚ್ಚು.

ಮಗಳ ಮೊದಲ ಹೆರಿಗೆಯಲ್ಲಿ ಕೂಸು ಅಳಲಿಲ್ಲ. ಉಸಿರಿಲ್ಲದೆಯೇ ಬಂತು. ಮಣ್ಣಿಗೆ ಒಯ್ಯುವ ಮುಂಚೆ ಮನೆಗೆ ತಂದೆವು. ನಮ್ಮಾಕಿ ಹಂಡೆಗೆ ಉರಿ ಹಾಕಿದಳು, ಎಣ್ಣೆ ಬೆಚ್ಚಗೆ ಮಾಡಿದಳು, ಬಚ್ಚಲಲ್ಲಿ ಕಾಲು ಚಾಚಿ ಕುಳಿತಳು. ಜೀವವಿದ್ದ ಕೂಸಿಗೆ ಏನೇನು ಮಾಡುತ್ತಾಳೋ ಅಷ್ಟನ್ನೂ ಮಾಡಿದಳು. ಕಿವಿಯ ಹಿಂದೆ, ಕಂಕುಳು, ಬೆರಳಿನ ಸಂದಿ, ಒಂದನ್ನೂ ಬಿಡಲಿಲ್ಲ. ಹೊರಗೆ ಕುಳಿತ ಹೆಂಗಸರಲ್ಲಿ ಒಬ್ಬರು, "ಸಾಕ ಮಾಡವಾ, ಯಾಕ ಇಷ್ಟ ಹೊತ್ತ? ನಾಕ ಹನಿ ನೀರ ಚಿಮುಕಿಸಿ ಕೊಡು" ಎಂದರು. ಒಳಗಿನಿಂದ, "ಥಂಡಿ ಮೈಲೆ ಕಳಸಲೇನ ಅಕೀನ್ನ?" ಎಂದು ದನಿ ಬಂತು.

ಆ ದಿನದಿಂದ ಓಣಿಯವರು ಆಕೆಯನ್ನು ಎರೆಯಲು ಕರೆಯುವುದು ನಿಲ್ಲಿಸಿದರು. ಬಾಯಿ ಬಿಟ್ಟು ಯಾರೂ ಏನೂ ಅನ್ನಲಿಲ್ಲ. ಕೂಸು ಹುಟ್ಟಿದ ಮನೆಯವರು ನಮ್ಮ ಬಾಗಿಲ ಮುಂದೆಯೇ ಹಾದುಹೋಗಿ, ಆಚೆ ಓಣಿಯಿಂದ ಬೇರೊಬ್ಬಳನ್ನು ಕರೆತರುತ್ತಿದ್ದರು. ಸತ್ತ ಕೂಸಿಗೆ ಎರೆದ ಕೈ ಎಂದು ಅಂಜಿಕೆ ಅವರಿಗೆ. ನಮ್ಮ ಮನೆಗೆ ಪೇಡೆ ಮಾತ್ರ ಬರುತ್ತಿತ್ತು. ನಮ್ಮಾಕಿ ಪೇಡೆ ಬಾಯಿಗೆ ಹಾಕಿಕೊಂಡು, "ಸಕ್ರಿ ಹೆಚ್ಚಾಗೈತಿ" ಎನ್ನುವಳು. ಅಷ್ಟೇ.

ಮಗಳಿಗೆ ಮತ್ತೆ ದಿನ ನಿಂತವು ಎಂದು ಗೊತ್ತಾದಾಗ ಮಾತ್ರ ಆಕೆಯ ನಡಿಗೆಯೇ ಬದಲಾಯಿತು. ಇನ್ನೂ ಹುಟ್ಟದ ಕೂಸಿಗಾಗಿ ಬಚ್ಚಲ ಕಲ್ಲಿನ ಪಾಚಿ ಕೆರೆಯತೊಡಗಿದಳು. "ಇನ್ನೂ ಭಾಳ ದಿನ ಐತಲ್ಲ, ಈಗ್ಯಾಕ?" ಎಂದೆ. "ಪಾಚಿಗೆ ನಿಮ್ಮಂಗ ಪುರುಸೊತ್ತ ಇರತೈತೇನ್ರಿ?" ಎಂದಳು. ಹಾಗೆಂದ ಬೆಳಿಗ್ಗೆಯೇ ಅದೇ ಕಲ್ಲಿನ ಮೇಲೆ ಜಾರಿ ಬಿದ್ದಳು! ಊರ ಕೂಸುಗಳನ್ನೆಲ್ಲ ಜಾರದಂತೆ ಹಿಡಿದವಳನ್ನು ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಬಲಗೈ ಊರಿದಳು, ಮಣಿಕಟ್ಟು ಮುರಿಯಿತು.

ಪ್ಲಾಸ್ಟರ್ ಬಿಚ್ಚಿದಾಗ ಒಳಗಿನಿಂದ ಬಂದ ಕೈ ನಮ್ಮಾಕಿಯದಾಗಿರಲಿಲ್ಲ. ಸಿಪ್ಪೆ ಸುಲಿದ ನುಗ್ಗೆಕಾಯಿಯ ಹಾಗಿತ್ತು. ರೊಟ್ಟಿ ಮುರಿಯಲು ಎಡಗೈ ಬೇಕಾಗುತ್ತಿತ್ತು. ಎಲುಬಿನ ಡಾಕ್ಟರು ನಮ್ಮ ಓಣಿಯ ಹುಡುಗನೇ, ಆಗಲೇ ಹೇಳಿದೆನಲ್ಲ. ಆತ ತಿರುವಿ ಮುರುವಿ ನೋಡಿ ಹೇಳಿದ:

"ದೊಡ್ಡವ್ವಾ, ಎಲಬ ಕೂಡೇತಿ. ಆದ್ರ ಈ ವಯಸ್ಸಿಗೆ ಮೊದಲಿನ ತಾಕತ್ತ ಬರೂದ ಕಠಿಣ. ಚಾದ ಕಪ್ಪ ಹಿಡದ್ರ ಸಾಕಲ್ಲ?"

"ಚಾದ ಕಪ್ಪ ಒದಿತೈತೇನೋ ತಮ್ಮಾ?"

"ಕೂಸಿಗೆ ಎರಿಯೂದ ಮರತಬಿಡ ದೊಡ್ಡವ್ವಾ" ಎಂದು ಆತ ತಲೆ ಅಲ್ಲಾಡಿಸಿದ.

"ನಿನ್ನ ಕುತ್ತಿಗಿ ನೆಟ್ಟಗ ನಿಂತದ್ದ ಈ ಕೈ ಮ್ಯಾಗ. ಈಗ ಅದ ಕುತ್ತಿಗಿ ಅಡ್ಡ ಆಡಸ್ತೀ?"

ಡಾಕ್ಟರು ಎದ್ದು ಕೈ ತೊಳೆಯಲು ಹೋದ. ಹೊರಗೆ ಬಂದ ಮೇಲೆ ನಮ್ಮಾಕಿ ರಿಕ್ಷಾದಲ್ಲಿ ಮನೆ ಬರುವವರೆಗೆ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು, ಯಾರದೋ ಕೈಯನ್ನು ಕದ್ದು ತಂದವಳ ಹಾಗೆ.

ಮಗಳ ಕುಬಸದ ದಿನ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ದಿನ, ಮನೆ ತುಂಬ ಹೆಂಗಸರು. ಬೀಗರ ಕಡೆಯ ಒಬ್ಬ ಹಿರಿಯಾಕೆ ಹೋಳಿಗೆ ತಿನ್ನುತ್ತ ನನ್ನ ಹೆಂಡತಿಯ ಎದುರಿಗೇ ಕೇಳಿದರು: "ಎರಿಯಾಕ ಯಾರನ್ನರ ಗೊತ್ತ ಮಾಡೀರೇನ್ರಿ? ನಿಮ್ಮ ಕೈ ನೆಟ್ಟಗಿಲ್ಲ. ಮತ್ತ… ಹಿಂದಿಂದೂ ಒಂದ ಐತಲ್ಲರಿ."

ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ಮಗಳು ತಲೆ ತಗ್ಗಿಸಿದಳು. ನಮ್ಮಾಕಿ ನಗುನಗುತ್ತಲೇ, "ಎರಿಯಾಕಿ ನಿಮ್ಮ ಎದರಿಗೆ ಕುಂತಾಳ್ರಿ. ಇನ್ನೊಂದ ಹೋಳಿಗಿ ಹಾಕಲ್ಯಾ?" ಎಂದಳು. ಹಾಕಿದ್ದು ಎಡಗೈಯಿಂದ. ಎಡಗೈಯಿಂದ ಬಡಿಸುವುದು ನಮ್ಮಲ್ಲಿ ಎಂಥ ಅವಮಾನ ಎಂದು ನಿಮಗೂ ಗೊತ್ತು. ಬಡಿಸಿದವಳಿಗೋ ಬಡಿಸಿಕೊಂಡವಳಿಗೋ, ಅದು ಮಾತ್ರ ಆ ದಿನ ಯಾರಿಗೂ ತಿಳಿಯಲಿಲ್ಲ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದವನು ನಮ್ಮ ಅಳಿಯ. ಕಟಕೋಳದ ಕಡೆ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಸೀಟಿ ಊದುವುದು ಬಿಟ್ಟರೆ ಹೆಚ್ಚು ಸದ್ದು ಮಾಡುವವನಲ್ಲ. ಮುಂದಿನ ಸಲ ಬಂದಾಗ ಜೇಬಿನಿಂದ ಒಂದು ಚೆಂಡು ತೆಗೆದ. ಮುಷ್ಟಿಯಲ್ಲಿ ಹಿಡಿಸುವಷ್ಟು ದೊಡ್ಡದು, ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೊಂದು ಭಾರದ ಚಕ್ರ. ಅದಕ್ಕೆ ಸಣ್ಣ ದಾರ ಸುತ್ತಿ ಸರ್ರನೆ ಎಳೆದರೆ ಚಕ್ರ ತಿರುಗುತ್ತದೆ. ಆಮೇಲೆ ಮುಷ್ಟಿಯನ್ನು ಗುಂಡಗೆ ತಿರುಗಿಸುತ್ತ ಹೋಗಬೇಕು. ತಿರುಗಿಸಿದಷ್ಟೂ ಚಕ್ರಕ್ಕೆ ವೇಗ ಬರುತ್ತದೆ, ವೇಗ ಬಂದಷ್ಟೂ ಚೆಂಡು ಕೈಯನ್ನು ಅತ್ತಿತ್ತ ಜಗ್ಗುತ್ತದೆ. ಬಿಡದೆ ಹಿಡಿದರೆ ಮಣಿಕಟ್ಟಿಗೂ ತೋಳಿಗೂ ಬಲ ಬರುತ್ತದಂತೆ. ಡಾಕ್ಟರನ್ನು ಕೇಳಿಯೇ ತಂದಿದ್ದ. ನೋವಾದರೆ ನಿಲ್ಲಿಸಬೇಕೆಂದು ಆತ ಹೇಳಿದ್ದನಂತೆ.

"ಅತ್ತಿಯವರ, ಗಟ್ಟಿ ಹಿಡೀರಿ" ಎಂದು ಅಳಿಯ ದಾರ ಎಳೆದ. ಭರ್ರ್! ನಮ್ಮಾಕಿ ಕಿಟಾರನೆ ಕಿರುಚಿ ಚೆಂಡು ಎಸೆದಳು. ಅದು ಗೋಡೆಗೆ ಬಡಿದು ನೇರ ನನ್ನ ತಾಟಿಗೆ ಬಂದು ಬಿತ್ತು. ನನ್ನ ಮುಖದ ತುಂಬ ಸಾರು!

"ಇದರಾಗ ಜೀವ ಐತ್ರಿ!"

"ಜೀವ ಇಲ್ರಿ ಅತ್ತಿಯವರ, ಚಕ್ರ ಐತಿ."

"ಒದ್ಯಾಡತೈತಿ ಅಂದ್ರ ಜೀವ ಐತಿ ಅಂತನ ಅರ್ಥ" ಎಂದು ವಾದ ಹೂಡಿದವಳು, ಏನೋ ಹೊಳೆದಂತೆ ತಟ್ಟನೆ ಎದ್ದು ಬಂದಳು. ಆಮೇಲೆ ನನ್ನ ತಾಟಿನಿಂದ ತಾನೇ ಚೆಂಡನ್ನು ಎತ್ತಿಕೊಂಡು ಸೆರಗಿನಿಂದ ಸಾರು ಒರೆಸಿದಳು. "ಎಣ್ಣಿ ಹಚ್ಚಿದ ಕೂಸೂ ಕೈಯಾಗ ಹಿಂಗ ಒದ್ಯಾಡತೈತಿ. ಎಳೀರಿ ಇನ್ನೊಮ್ಮೆ."

ಅಲ್ಲಿಂದ ನಮ್ಮ ಮನೆಯಲ್ಲಿ ಭರ್ರೆನ್ನುವುದೇ ಸಂಸಾರವಾಯಿತು. ನಾನು ಜೀವನವೆಲ್ಲ ಗಿರಣಿಯ ಸದ್ದಿನಲ್ಲಿ ಕಳೆದು, ಈಗಲಾದರೂ ಕಿವಿಗೆ ಸ್ವಲ್ಪ ಶಾಂತಿ ಸಿಗಲಿ ಎಂದುಕೊಂಡವನು! ಆದರೆ ಸದ್ದು ಕೇಳಿಯೇ ಕಲ್ಲು ತುಂಬಿ ಬೀಸುತ್ತಿದೆಯೋ ಖಾಲಿ ತಿರುಗುತ್ತಿದೆಯೋ ಹೇಳುವ ಕಿವಿ ನನ್ನದು. ಪಡಸಾಲೆಯಲ್ಲಿ ಮಲಗಿಕೊಂಡೇ ನನಗೆ ಅಡುಗೆಮನೆಯಲ್ಲಿರುವ ಆಕೆಯ ಮಣಿಕಟ್ಟು ತಿಳಿಯುತ್ತಿತ್ತು. ಸದ್ದು ನಡುಗಿದರೆ ನೋವು. ಥಟ್ಟನೆ ನಿಂತರೆ ಕೈ ಸೋತಿದೆ. ಸೋತಾಗ ಪಾತ್ರೆಗಳ ಸದ್ದು ಜೋರಾಗುತ್ತಿತ್ತು, ಅಳುವುದು ಕೇಳಿಸಬಾರದೆಂದು.

ಒಂದು ದಿನ ಸದ್ದೇ ಇಲ್ಲ. ಹೋಗಿ ನೋಡಿದರೆ ಚೆಂಡು ತಿರುಗುತ್ತಲೇ ಇಲ್ಲ, ದಾರ ಎಷ್ಟು ಎಳೆದರೂ ಜಾರಿ ಸುಮ್ಮನಾಗುತ್ತದೆ.

"ಏನ ಮಾಡಿದಿ ಇದಕ್ಕ?"

"ಏನೂ ಇಲ್ರಿ. ಒಣಾ ಒಣಾ ಆಗಿತ್ತ. ಬೆಚ್ಚಗ ಎಣ್ಣಿ ಹಚ್ಚಿ ತಿಕ್ಕಿದೆ."

"ಒಳಗೂ?"

"ಹೊರಗಷ್ಟ ಹಚ್ಚಿದ್ರ ಏನ ಉಪಯೋಗ? ಆಮ್ಯಾಲ ಜಿಡ್ಡ ಹೋಗಲಿ ಅಂತ ಕಡ್ಲಿಹಿಟ್ಟ ಹಚ್ಚಿ ಬಿಸಿನೀರ ಹಾಕಿದೆ."

ಚೆಂಡಿಗೆ ಎರೆದಿದ್ದಳು! ಎಣ್ಣೆ, ಹಿಟ್ಟು, ಬಿಸಿನೀರು, ಒಂದು ಶಾಸ್ತ್ರವೂ ತಪ್ಪಿರಲಿಲ್ಲ. ಧೂಪ ಹಾಕುವುದೊಂದು ಬಾಕಿ ಇತ್ತು. ಒಳಗಿನ ಚಕ್ರದ ಅಚ್ಚಿಗೆ ಸುತ್ತಲಿನ ತೋಡಿನಲ್ಲಿ ಹಿಡಿತ ಸಿಕ್ಕರೆ ತಾನೇ ತಿರುಗುವುದು? ಎಣ್ಣೆ ಬಿದ್ದ ಗಿರಣಿಯ ಪಟ್ಟಾ ಜಾರುವ ಹಾಗೆ ಅದು ಜಾರುತ್ತಿತ್ತು. ಹತ್ತಿಯ ಬತ್ತಿಯಿಂದ ಒರೆಸಿ ಒರೆಸಿ ನಾನೇ ಅದನ್ನು ಬದುಕಿಸಿದೆ. ಆಮೇಲೂ ಬಹಳ ದಿನ, ವೇಗ ಬಂದಾಗಲೆಲ್ಲ ಅದರಿಂದ ಭಜಿಯ ವಾಸನೆ ಬರುತ್ತಿತ್ತು.

ಎಲ್ಲಿ ಹೋದರೂ ಚೆಂಡು ಜೊತೆಗೆ. ಸಂಪಗಾಂವದಲ್ಲಿ ನಮ್ಮ ಸಂಬಂಧಿಕರೊಬ್ಬರು ತೀರಿಕೊಂಡರು. ಅಲ್ಲಿಗಾದರೂ ಬೇಡವೆಂದೆ. ಕೇಳುತ್ತಾಳೆಯೇ? ಹೆಂಗಸರೆಲ್ಲ ಹೆಣದ ಸುತ್ತ ಕುಳಿತು ಸತ್ತವರ ಗುಣ ಹಾಡಿ ಅಳುತ್ತಿದ್ದರು. ನಡುವೆ ಒಮ್ಮೆ ಅಳು ತಗ್ಗಿದಾಗ ಎಲ್ಲಿಂದಲೋ ಗುಂಯ್ ಎಂದು ಸದ್ದು. ನಮ್ಮಾಕಿಯ ಸೆರಗಿನೊಳಗೆ ಕೆಂಪು ಬೆಳಕು ಬೇರೆ ಮಿಣಮಿಣ! ಆ ಹಾಳು ಚೆಂಡಿಗೆ ತಿರುಗಿದರೆ ಬೆಳಕೂ ಬರುತ್ತದೆ. ಸತ್ತವರ ಹಿರಿಮಗ ಕಣ್ಣೊರೆಸಿಕೊಂಡು, "ಅತ್ತೀ, ನಿಮ್ಮ ಫೋನ್ ಬರಾಕತ್ತೈತಿ ನೋಡ್ರಿ. ಯಾರದ ಐತಿ?" ಎಂದ.

"ಹುಟ್ಟಬೇಕಾದ ಕೂಸಿಂದಪ್ಪಾ" ಎಂದಳು ನಮ್ಮಾಕಿ.

ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ಆ ಹುಡುಗ ಸಿಟ್ಟಾಗಲಿಲ್ಲ. "ಹಂಗಾರ ಎತ್ರಿ" ಎಂದ.

ಕೈ ಸ್ವಲ್ಪ ಸ್ವಲ್ಪ ತುಂಬಿಕೊಂಡಿತು. ರೊಟ್ಟಿ ಮುರಿಯತೊಡಗಿದಳು, ಆಮೇಲೆ ತಂಬಿಗೆ ಎತ್ತಿದಳು. ಅಷ್ಟಕ್ಕೇ ಆಕೆಗೆ ಜಂಬ ತಲೆಗೇರಿತು. ಸಂತೆಯಿಂದ ಒಂದು ಕುಂಬಳಕಾಯಿ ಆರಿಸಿ ತಂದಳು. ಅಂಗಡಿಯವನ ಮುಂದೆ ಅದನ್ನು ಎರಡೂ ಕೈಯಲ್ಲಿ ತೂಗಿ ತೂಗಿ ನೋಡಿ, "ಇದ ಸಣ್ಣದಾತು, ಏಳ ತಿಂಗಳದ ಆಕ್ಕೈತಿ. ತುಂಬಿದ್ದ ಕೊಡೊ" ಎಂದು ಕೇಳಿದಳಂತೆ. ಬಚ್ಚಲಲ್ಲಿ ಕಾಲು ಚಾಚಿ ಕುಳಿತು ಕುಂಬಳಕಾಯಿಗೆ ಎಣ್ಣೆ ಹಚ್ಚಿದಳು. ನಾನು ಬಾಗಿಲಲ್ಲಿ ನಿಂತು, "ಮೂಗ ನಿನ್ನಂಗ ಐತಿ ನೋಡ" ಎಂದು ಕಾಡಿದೆ. ಹೆರಿಗೆಗೆಂದು ಬಂದಿದ್ದ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟು ದಿನವಾಗಿತ್ತೋ ಆಕೆ ಹಾಗೆ ನಕ್ಕು!

ನಮ್ಮಾಕಿ ಕುಂಬಳಕಾಯಿಯನ್ನು ಮಗುಚಿದಳು. ಬಲಗೈ ಎಲ್ಲಿ ಸೋತಿತೋ, ಕಾಯಿ ಜಾರಿ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತು.

ಬೀಜಗಳೆಲ್ಲ ಹೊರಗೆ. ಮಗಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಮ್ಮಾಕಿ ಚಾಚಿದ ಕಾಲು ಚಾಚಿಕೊಂಡೇ ಬಹಳ ಹೊತ್ತು ಕುಳಿತಿದ್ದಳು. ನಾನು ಹೋಳುಗಳನ್ನು ಎತ್ತಲು ಬಗ್ಗಿದರೆ, "ಮುಟ್ಟಬ್ಯಾಡ್ರಿ" ಎಂದಳು. ಆ ದಿನ ಅದರ ಪಲ್ಯ ಮಾಡಿ ತಾಟಿಗೆ ಹಾಕಿದಳು, ಯಾರ ಕೈಯೂ ಬಾಯಿಗೆ ಹೋಗಲಿಲ್ಲ.

ಆಮೇಲೆ ಎರೆಯಲು ಬೇರೆ ಹೆಂಗಸನ್ನು ಗೊತ್ತುಮಾಡು ಎಂದು ಮಗಳೇ ನನ್ನ ಕಿವಿಯಲ್ಲಿ ಹೇಳಿದಳು. "ಅಪ್ಪಾ, ಅವ್ವಗ ಹೇಳಬ್ಯಾಡ. ಆದ್ರ ನನಗ ಧೈರ್ಯ ಆಗವಲ್ದು." ಆಕೆಯದು ತಪ್ಪೇ? ಒಂದನ್ನು ಮಣ್ಣಿಗೆ ಕೊಟ್ಟವಳು. ಆಚೆ ಓಣಿಯವಳಿಗೆ ಹೇಳಿಬಂದೆ. ಹೇಳಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನಮ್ಮಾಕಿ ಒಳಗಿನಿಂದಲೇ, "ಒಪ್ಪಿದ್ಲೇನ್ರಿ?" ಎಂದಳು. ನಾನು ಚಪ್ಪಲಿಗಳನ್ನು ಗೋಡೆಗೆ ಸರಿಸಿಟ್ಟೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಮತ್ತೆ ಭರ್ರ್ ಎಂದು ಶುರುವಾಯಿತು.

ಕೂಸು ದಿನ ತುಂಬುವ ಮೊದಲೇ ಬಂತು. ಅತ್ತಿತು, ಆದರೆ ಬೆಕ್ಕಿನ ಮರಿಯಷ್ಟೇ. ದವಾಖಾನೆಯವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅಂಗೈ ಅಗಲದ ಎದೆಯ ಮೇಲೆ ವೈರುಗಳು. ಬದುಕುತ್ತದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಅಳಿಯ ವರಾಂಡದ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದ್ದ. ನಮ್ಮಾಕಿ ಮಾತ್ರ ಕಿಟಕಿಯ ಗಾಜಿನ ಈಚೆ ನಿಂತು, ಕೂಸನ್ನು ನೋಡುತ್ತ, ಚೆಂಡು ತಿರುಗಿಸುತ್ತಿದ್ದಳು.

"ಅಜ್ಜೀ, ಇಲ್ಲಿ ಸಪ್ಪಳ ಮಾಡಬಾರದರಿ" ಎಂದು ನರ್ಸಮ್ಮ ಚೆಂಡು ಇಸಿದುಕೊಂಡಳು. ನಮ್ಮಾಕಿ ಜಗಳವಾಡಲಿಲ್ಲ. ಖಾಲಿ ಮುಷ್ಟಿಯನ್ನೇ ತಿರುಗಿಸತೊಡಗಿದಳು. ನಾನು ನೋಡಿದಾಗಲೆಲ್ಲ ಆ ಖಾಲಿ ಮುಷ್ಟಿ ತಿರುಗುತ್ತಲೇ ಇತ್ತು. ದೇವರನ್ನು ಕೇಳುವ ಬೇರೆ ದಾರಿ ಆಕೆಗೆ ಗೊತ್ತಿರಲಿಲ್ಲವೋ ಏನೋ.

ಕೂಸು ಬದುಕಿತು! ಬದುಕಿತು ಎಂದರೆ ಎಂಥ ಬದುಕುವುದು, ತೂಕ ಹಿಡಿಯಿತು, ಕೆನ್ನೆ ಬಂದವು, ಮನೆಗೆ ಬಂತು. ಮೊದಲು ಬರೀ ಮೈ ಒರೆಸಿ ಎಂದಿದ್ದ ಕೂಸಿನ ಡಾಕ್ಟರು, ಒಂದು ದಿನ ಇನ್ನು ಎರೆಯಬಹುದು ಎಂದರು. ಆಚೆ ಓಣಿಯವಳಿಗೆ ಹೇಳಿಕಳಿಸಿದೆವು. ಹಂಡೆ ಕಾಯಿತು, ಎಣ್ಣೆ ಕಾಯಿತು. ಆಕೆ ಬಾಗಿಲಲ್ಲಿ ಬಂದು ನಿಂತು ಕೂಸನ್ನು ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು.

"ಎವ್ವಾ, ಇಷ್ಟ ಸಣ್ಣದೈತಿ! ನನ್ನ ಕೈಲೆ ಆಗೂದಿಲ್ರಿ. ಏನರ ಹೆಚ್ಚು ಕಡಿಮಿ ಆದ್ರ ನನಗ ಯಾಕ?" ಎಂದವಳೇ ತಿರುಗಿ ಹೋದಳು.

ಮಗಳು ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ನಮ್ಮಾಕಿ ಬಚ್ಚಲಿಗೆ ಹೋಗಿ ಮಣೆಯ ಮೇಲೆ ಕುಳಿತು, ಸೀರೆ ಮೊಳಕಾಲಿಗೆ ಸರಿಸಿ, ಕಾಲು ಚಾಚಿದಳು. ಅಷ್ಟೇ. ಕೈ ಚಾಚಲಿಲ್ಲ. ಮಗಳು ಬಾಗಿಲಲ್ಲಿ ನಿಂತು ಒಮ್ಮೆ ಕಲ್ಲನ್ನು ನೋಡಿದಳು, ಒಮ್ಮೆ ಅವ್ವನನ್ನು ನೋಡಿದಳು. ಆಮೇಲೆ ಬಗ್ಗಿ, ಕೂಸನ್ನು ಆ ಕಾಲುಗಳ ಮೇಲೆ ಇಟ್ಟಳು.

ನಾನು ಹೊರಗಿದ್ದೆ. ಕೂಸಿಗೆ ಎರೆಯುವಲ್ಲಿ ಗಂಡಸರಿಗೆ ಏನು ಕೆಲಸ? ಎಣ್ಣೆ ತಿಕ್ಕುವ ಸದ್ದು, ನೀರಿನ ಸದ್ದು ಎಲ್ಲ ಸರಿಯಾಗಿತ್ತು. ಆಮೇಲೆ ನೀರು ನಿಂತಿತು. ಏನೂ ಕೇಳಿಸಲಿಲ್ಲ. ಮಗುಚುವ ಹೊತ್ತು ಅದು, ನನ್ನ ಕಿವಿಗೆ ಗೊತ್ತಾಯಿತು.

"ಏನ್ರಿ," ಎಂದಳು ಒಳಗಿನಿಂದ. "ಕೈ ತೊಳಕೊಂಡ ಒಳಗ ಬರ್ರಿ."

ಹೋದೆ. ಕೂಸಿನ ಕುತ್ತಿಗೆಯ ಕೆಳಗಿದ್ದ ಬಲಗೈ ಸಣ್ಣಗೆ ನಡುಗುತ್ತಿತ್ತು. ಆಕೆಯ ಮುಖದ ಮೇಲೆ ಇದ್ದದ್ದು ಬೆವರೋ ನೀರೋ ತಿಳಿಯಲಿಲ್ಲ.

"ನನ್ನ ಕೈ ಬುಡಕ ನಿಮ್ಮ ಕೈ ಇಡ್ರಿ. ಹಿಡೀಬ್ಯಾಡ್ರಿ ಮತ್ತ. ಸುಮ್ನ ಇರ್ರಿ ಅಷ್ಟ."

ಮೊಳಕಾಲೂರಿ ಕುಳಿತು ಆ ಕೈಯ ಕೆಳಗೆ ನನ್ನ ಅಂಗೈ ಒಡ್ಡಿದೆ. ನಡುಕ ನಿಂತಿತು. ಆಕೆ ಉಸಿರು ಬಿಗಿಹಿಡಿದು ಕೂಸನ್ನು ಮಗುಚಿದಳು. ನನ್ನ ಅಂಗೈಗೆ ಕೂಸಿನ ಭಾರ ಬರಲೇ ಇಲ್ಲ, ಎಲ್ಲವನ್ನೂ ಆಕೆಯ ಮಣಿಕಟ್ಟೇ ಹೊತ್ತಿತ್ತು. ಬೋರಲು ಬಿದ್ದ ನನ್ನ ಮೊಮ್ಮಗಳು, ಬೆನ್ನ ಮೇಲೆ ನೀರು ಬಿದ್ದದ್ದೇ ತಡ, ಇಡೀ ಓಣಿಗೆ ಕೇಳುವ ಹಾಗೆ ಒದರಿದಳು! ಎಂಥ ದನಿ! ಬಾಗಿಲಲ್ಲಿ ಮಗಳು ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಕೂಡಿಯೇ ಇತ್ತು.

ಎಲ್ಲ ಮುಗಿದ ಮೇಲೆ ಕೊನೆಯ ತಂಬಿಗೆ ನೀರನ್ನು ನಮ್ಮಾಕಿ ಕೂಸಿನ ಸುತ್ತ ಇಳಿಸಿ, ದೃಷ್ಟಿ ತೆಗೆದು ಚೆಲ್ಲಿದಳು. ನಾನು ಏಳಹೋದೆ. "ತಡೀರಿ" ಎಂದು ಬಲಗೈಯಿಂದಲೇ ಮತ್ತೊಂದು ತಂಬಿಗೆ ತುಂಬಿ, ನನ್ನ ತಲೆಯ ಸುತ್ತಲೂ ಇಳಿಸತೊಡಗಿದಳು.

"ನನಗ್ಯಾಕ? ಈ ವಯಸ್ಸಿನ್ಯಾಗ ನನಗ ಯಾರ ನೆದರ ಬೀಳತೈತಿ?"

"ನಂದು" ಎಂದಳು. ನೀರು ಚೆಲ್ಲಿ, ತಲೆ ಎತ್ತದೆ, "ಸರೀರಿ ಈಗ, ಕೂಸಿಗೆ ಥಂಡಿ ಆಕ್ಕೈತಿ" ಎಂದಳು.